ಆಂಡ್ರಾಯ್ಡ್‌ಗೊಂದು ಬ್ರಾಂಚ್, ಐಒಎಸ್‌ಗೊಂದು ಬ್ರಾಂಚ್ ಬೇಕಾ?

ಹೊಸ ಆ್ಯಪ್ ಪ್ರಾಜೆಕ್ಟ್ ಶುರುವಾಗಿ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಬ್ರಾಂಚ್ (ಕೋಡಿನ ಕವಲು) ಮಾಡುವ ಮಾತು ಬಂದಾಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಆಂಡ್ರಾಯ್ಡ್‌ಗೆ ಒಂದು ಬ್ರಾಂಚ್, ಐಒಎಸ್‌ಗೆ ಒಂದು, ವಿಂಡೋಸ್‌ಗೆ ಇನ್ನೊಂದು ಮಾಡಿಬಿಡೋಣ, ಯಾರಿಗೂ ಯಾರ ತಂಟೆ ಇರಲ್ಲ.’ ಕೇಳೋಕೆ ಚೆನ್ನಾಗಿದೆ. ದಯವಿಟ್ಟು ಒಪ್ಪಬೇಡಿ.

ಬ್ರಾಂಚ್ ಮಾಡುವುದೇ ಇವತ್ತಲ್ಲ ನಾಳೆ ಮರ್ಜ್ ಮಾಡಲಿಕ್ಕೆ, ಅಂದರೆ ಮತ್ತೆ ಒಂದಾಗಿಸಲಿಕ್ಕೆ. ಈ ಮೂರು ಯಾವತ್ತೂ ಮರ್ಜ್ ಆಗುವುದಿಲ್ಲ. ಹಾಗಾಗಿ ಎಲ್ಲದಕ್ಕೂ ಸೇರಿದ ಬಗ್ ಸರಿ ಮಾಡಿದಾಗಲೆಲ್ಲ ಚೆರ್ರಿ-ಪಿಕ್ (ಆ ಒಂದು ಬದಲಾವಣೆಯನ್ನಷ್ಟೇ ಬೇರೆ ಬ್ರಾಂಚಿಗೆ ನಕಲು) ಮಾಡುತ್ತಾ ಕೂರಬೇಕು. ತಾರೀಖು ತಪ್ಪಾಗಿ ಓದುವ ಒಂದೇ ಒಂದು ಸಾಲು ಅಂದುಕೊಳ್ಳಿ. ಆಂಡ್ರಾಯ್ಡ್ ಬ್ರಾಂಚಿನಲ್ಲಿ ಸರಿಯಾಯಿತು, ಐಒಎಸ್‌ಗೂ ಪಿಕ್ ಮಾಡಿದಿರಿ. ಅಲ್ಲಿ ಆ ಕಮಿಟ್‌ಗೆ (ದಾಖಲಾದ ಬದಲಾವಣೆಗೆ) ಬೇರೆಯೇ ಹ್ಯಾಶ್, ಅಂದರೆ ಬೇರೆಯೇ ಗುರುತಿನ ಸಂಖ್ಯೆ. ಆಮೇಲೆ ಈ ಫಿಕ್ಸ್ ಎಲ್ಲೆಲ್ಲಿ ಹೋಗಿದೆ ಅಂತ ಮೊದಲ ಹ್ಯಾಶ್ ಜೊತೆ ‘ಗಿಟ್ ಬ್ರಾಂಚ್ --ಕಂಟೇನ್ಸ್’ ಕೊಟ್ಟರೆ, ಆಂಡ್ರಾಯ್ಡ್ ಒಂದನ್ನೇ ತೋರಿಸುತ್ತದೆ. ವಿಂಡೋಸ್‌ಗೆ ಹೋಯಿತಾ ಇಲ್ವಾ? ಅದಕ್ಕೊಂದು ಎಕ್ಸೆಲ್ ಶೀಟು ಶುರುವಾಗುತ್ತದೆ. ಗಿಟ್ ಇಟ್ಟುಕೊಂಡು ಎಕ್ಸೆಲ್!

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ನೋಡಿ. ಇಂಟೆಲ್, ಆರ್ಮ್, ರಿಸ್ಕ್-ಫೈವ್ ಪ್ರೊಸೆಸರ್‌ಗಳದ್ದೆಲ್ಲ ಒಂದೇ ಟ್ರೀಯಲ್ಲಿ, ಅಂದರೆ ಒಂದೇ ಕೋಡ್ ಸಂಗ್ರಹದಲ್ಲಿದೆ. ಆಯಾ ಪ್ರೊಸೆಸರ್‌ಗೆ ಬೇಕಾದ ಕೋಡ್ ‘ಆರ್ಚ್’ ಫೋಲ್ಡರಿನೊಳಗೆ. 32 ಬಿಟ್ ಮತ್ತು 64 ಬಿಟ್ ಇಂಟೆಲ್‌ಗೆ ಮೊದಲು ಬೇರೆ ಬೇರೆ ಫೋಲ್ಡರ್ ಇದ್ದವು. 2008ರ ಜನವರಿಯಲ್ಲಿ ಬಂದ 2.6.24 ಆವೃತ್ತಿಯಲ್ಲಿ ಅವನ್ನೂ ‘ಎಕ್ಸ್86’ ಅಂತ ಒಂದು ಮಾಡಿದರು. ಅವರಿಗೆ ಎರಡು ಫೋಲ್ಡರೇ ಜಾಸ್ತಿಯಾಗಿತ್ತು, ನಮಗೆ ಮೂರು ಬ್ರಾಂಚ್ ಬೇಕಂತೆ.

ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಬೇರೆ ದಾರಿ ಹಿಡಿದಿದೆ, ನಿಜ. ಮೂಲ ಆವೃತ್ತಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ, ಉಳಿದವರಿಗೆಲ್ಲ ‘ಪೋರ್ಟಬಲ್’ ಆವೃತ್ತಿ, 9.8ಪಿ1 ಅಂತ ಬರುತ್ತದಲ್ಲ, ಆ ‘ಪಿ’ ಅದೇ. ಆದರೆ ಆ ಕೆಲಸ ನೋಡಿಕೊಳ್ಳಲಿಕ್ಕೇ ಅಲ್ಲಿ ಜನ ಇದ್ದಾರೆ. ಐದು ಜನರ ಟೀಮಿನಲ್ಲಿ ಯಾರು ಮಾಡುತ್ತಾರೆ?

ಒಂದು ಬಿಡುಗಡೆಗೆಂದು ಸ್ವಲ್ಪ ದಿನಕ್ಕಷ್ಟೇ ತೆಗೆಯುವ ರಿಲೀಸ್ ಬ್ರಾಂಚ್ ಬೇರೆ ವಿಷಯ. ಆಪಲ್ ರಿವ್ಯೂನಲ್ಲಿ ಐಒಎಸ್ ಆ್ಯಪ್ ಸಿಕ್ಕಿಕೊಂಡಿದ್ದಾಗ ಆಂಡ್ರಾಯ್ಡ್ ಮುಂದೆ ಹೋಗಬೇಕಾಗುತ್ತದೆ. ಆಗ ‘ರಿಲೀಸ್/ಐಒಎಸ್-4.2’ ಅಂತ ಒಂದು ತೆಗೆಯಿರಿ. ಫಿಕ್ಸ್ ಮೊದಲು ಮೇನ್‌ಗೆ (ಮುಖ್ಯ ಬ್ರಾಂಚಿಗೆ) ಹೋಗಲಿ, ಅಲ್ಲಿಂದ ಇದಕ್ಕೆ ಬರಲಿ. ಆ್ಯಪ್ ಹೊರಬಿದ್ದ ಮೇಲೆ ಆ ಆವೃತ್ತಿಯ ಗುರುತಿಗೆ ಟ್ಯಾಗ್ ಹಾಕಿ, ಬ್ರಾಂಚ್ ಅಳಿಸಿ.

ಇಷ್ಟಾದರೂ ‘ಆಂಡ್ರಾಯ್ಡ್’ ಅಂತಲೇ ಬ್ರಾಂಚ್ ಬೇಕು ಅನ್ನುವವರು ಅದನ್ನು ಮಾಡಿ, ‘ಆಂಡ್ರಾಯ್ಡ್/ಲಾಗಿನ್’ ಅಂತ ಇನ್ನೊಂದು ಮಾಡಲು ನೋಡಿ. ಗಿಟ್ ಬಿಡುವುದೇ ಇಲ್ಲ. ಮೊದಲ ಹೆಸರು ಇರುವ ತನಕ ಅದರಡಿ ಇನ್ನೊಂದು ಹೆಸರು ಇಡಲು ಆಗುವುದಿಲ್ಲ.