ಒಬ್ಬಳೇ ನೋಡೋಕೆ ಲಂಡನ್, ಒಬ್ಬಳೇ ತಿನ್ನೋಕೆ ಗಾಂಧಿಬಜಾರ್

"ನಿಮ್ಮ ಕಡೆ ಬಿಡಪ್ಪ, ಒಬ್ಬೊಬ್ಬರೇ ಆರಾಮಾಗಿ ಸುತ್ತಬಹುದು. ನಮ್ಮಲ್ಲಿ ಎಲ್ಲಿ ಆಗತ್ತೆ?" ಊರಿಗೆ ಹೋದಾಗಲೆಲ್ಲ ಈ ಮಾತು ಕೇಳುತ್ತೇನೆ. ಇದರಲ್ಲಿ ಅರ್ಧ ಮಾತ್ರ ನಿಜ. ಊರು ಸುತ್ತುವುದು ಅಂದರೆ ನೋಡುವುದೂ ಹೌದು, ತಿನ್ನುವುದೂ ಹೌದು. ಲಂಡನ್ ಒಬ್ಬರೇ ನೋಡೋಕೆ ಹೇಳಿ ಮಾಡಿಸಿದ ಊರು. ತಿನ್ನೋಕೆ ಅಲ್ಲ. ನಮ್ಮ ಬೆಂಗಳೂರು, ಮೈಸೂರು ಇದಕ್ಕೆ ಪೂರ್ತಿ ಉಲ್ಟಾ. ನಮ್ಮವರಿಗೆ ಇದು ಯಾಕೋ ಕಾಣುವುದೇ ಇಲ್ಲ.

ನನ್ನ ಮನೆ ಇರುವುದು ಮಿಲ್ಟನ್ ಕೀನ್ಸ್‌ನಲ್ಲಿ. ಲಂಡನ್ನಿನ ಯೂಸ್ಟನ್ ಸ್ಟೇಷನ್ನಿಗೆ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಗಂಡನಿಗೆ ಶನಿವಾರ ಕೆಲಸ ಇದ್ದರೆ ನಾನು ಒಬ್ಬಳೇ ಹೊರಡುತ್ತೇನೆ. ಯೂಸ್ಟನ್‌ನಲ್ಲಿ ಇಳಿದು ರಸೆಲ್ ಸ್ಕ್ವೇರ್‌ವರೆಗೆ ನಡೆದು 14ನೇ ನಂಬರ್ ಬಸ್ ಹತ್ತುವುದು ನನಗೆ ಇಷ್ಟ. ಮೇಲಿನ ಅಂತಸ್ತಿನಲ್ಲಿ ಡ್ರೈವರ್ ತಲೆಯ ಮೇಲಿರುವ ಮುಂದಿನ ಸೀಟು ಇದೆಯಲ್ಲ, ಒಬ್ಬರೇ ಇದ್ದರೆ ಅದು ಸುಲಭವಾಗಿ ಸಿಗುತ್ತದೆ. ನಾಲ್ಕು ಜನ ಇದ್ದರೆ ಯಾರು ಮುಂದೆ ಕೂರಬೇಕು ಅನ್ನುವುದರಲ್ಲೇ ಪಿಕಡಿಲಿ ಬೀದಿ ಕಳೆದುಹೋಗುತ್ತದೆ. ಹೈಡ್ ಪಾರ್ಕ್ ಕಾರ್ನರ್‌ನ ದೊಡ್ಡ ಕಮಾನು, ನೈಟ್ಸ್‌ಬ್ರಿಡ್ಜ್‌ನ ಶ್ರೀಮಂತರ ಅಂಗಡಿಗಳು ಎಲ್ಲ ಕಾಲ ಕೆಳಗೇ ಹಾದುಹೋಗುತ್ತವೆ. ನಡುವೆ ಎಲ್ಲಾದರೂ ಚೆನ್ನಾಗಿದೆ ಅನ್ನಿಸಿದರೆ ಇಳಿದುಬಿಡಬಹುದು. ಮೊದಲು ಕಾರ್ಡ್ ತಾಗಿಸಿದ ಮೇಲೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ಸಲದ ದುಡ್ಡು. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಹೇಳಬೇಕಾಗಿಲ್ಲ.

ಇಳಿಯುವುದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಹತ್ತಿರ. ಎಲ್ಲರೂ ವಿ ಅಂಡ್ ಎ ಅನ್ನುತ್ತಾರೆ. ಒಳಗೆ ಹೋಗೋಕೆ ದುಡ್ಡಿಲ್ಲ. ಇಂಗ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂಗಳೆಲ್ಲ 2001ರ ಡಿಸೆಂಬರ್‌ನಿಂದ ಉಚಿತ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ದುಡ್ಡು ಉಳಿಯುವುದು ಸಣ್ಣ ಲಾಭ. ದೊಡ್ಡ ಲಾಭ ಬೇರೆಯೇ ಇದೆ. ಟಿಕೆಟ್ ತಗೊಂಡರೆ ಅದನ್ನು ವಸೂಲಿ ಮಾಡಬೇಕು ಅನ್ನಿಸುತ್ತದೆ, ಕಾಲು ಬಿದ್ದುಹೋಗುವವರೆಗೂ ಎಲ್ಲ ಕೋಣೆ ಸುತ್ತಬೇಕಾಗುತ್ತದೆ. ಟಿಕೆಟ್ ಇಲ್ಲದಿದ್ದರೆ ಒಂದೇ ಒಂದು ವಸ್ತು ನೋಡಿಕೊಂಡು ಹೊರಗೆ ಬರಬಹುದು. ನಾನು ಹಾಗೆ ನೋಡಿದ್ದು ಟಿಪ್ಪುವಿನ ಹುಲಿ.

ಟಿಪ್ಪು ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ಹುಲಿಯನ್ನು ಎದುರಿಗೆ ನಿಂತು ನೋಡಬೇಕು. 1790ರ ದಶಕದಲ್ಲಿ ಮರದಲ್ಲಿ ಮಾಡಿ ಬಣ್ಣ ಬಳಿದದ್ದು. ಅಂಗಾತ ಬಿದ್ದಿರುವ ಬಿಳಿಯನ ಮೇಲೆ ಹುಲಿ ಹತ್ತಿ ಕೂತು ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದಲ್ಲಿ ಒಂದು ಹಿಡಿ. ಅದನ್ನು ತಿರುಗಿಸಿದರೆ ಮನುಷ್ಯನ ಕೈ ಮೇಲೇಳುತ್ತದೆ, ಅವನು ನರಳುವ ದನಿ, ಹುಲಿ ಗುರುಗುಟ್ಟುವ ದನಿ ಎರಡೂ ಬರುತ್ತವೆ. ಹುಲಿಯ ಹೊಟ್ಟೆಯೊಳಗೆ ಹಾರ್ಮೋನಿಯಂ ತರಹ ಒತ್ತಿ ನುಡಿಸುವ ಮನೆಗಳಿರುವ ವಾದ್ಯವೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇದನ್ನು ಅರಮನೆಯಿಂದ ಎತ್ತಿಕೊಂಡು ಬಂದರು. ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದಾಗ ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಅಲ್ಲೇ ಲೈಬ್ರರಿಯಲ್ಲಿ ಓದುತ್ತಿದ್ದವರಿಗೆ ತಲೆನೋವಾಗಿತ್ತಂತೆ. ಎರಡನೇ ಮಹಾಯುದ್ಧದಲ್ಲಿ ಚಾವಣಿ ಕುಸಿದು ಇದರ ಮೇಲೆ ಬಿದ್ದು ಪೆಟ್ಟಾಗಿ, ಮತ್ತೆ ಜೋಡಿಸಿದ್ದಾರೆ.

ನಾನು ಹೋದಾಗ ಅದು ದಕ್ಷಿಣ ಏಷ್ಯಾದ ಗ್ಯಾಲರಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು. ಸುತ್ತ ನಾಲ್ಕೂ ಕಡೆಯಿಂದ ನೋಡಿದೆ. ಬಿದ್ದವನ ತಲೆಯ ಮೇಲೆ ಟೋಪಿ ಹಾಗೇ ಇದೆ! ಹುಲಿ ಕತ್ತು ಹಿಡಿದರೂ ಟೋಪಿ ಕಳಚಿಲ್ಲ. ಅವನ ಮುಖದಲ್ಲಿ ನೋವಿಗಿಂತ ಬೆಪ್ಪು ಜಾಸ್ತಿ. ಇದನ್ನು ಮಾಡಿದ ನಮ್ಮ ಕಡೆಯ ಬಡಗಿಗೆ ಒಳ್ಳೆ ತಮಾಷೆ ಬುದ್ಧಿ ಇದ್ದಿರಬೇಕು. ಮನೆಮಂದಿ ಜೊತೆಗಿದ್ದಿದ್ದರೆ ಇಷ್ಟು ಹೊತ್ತು ನಿಲ್ಲೋಕೆ ಬಿಡುತ್ತಿರಲಿಲ್ಲ. ಒಂದು ಸೆಲ್ಫಿ ತೆಗೆದು, "ನಮ್ಮದನ್ನೆಲ್ಲ ಹೊತ್ಕೊಂಡು ಬಂದಿದಾರೆ ನೋಡು" ಅಂತ ಒಂದು ಮಾತು ಹೇಳಿ, ಮುಂದಕ್ಕೆ. ಆ ಮಾತು ಸುಳ್ಳೇನಲ್ಲ. ಆದರೆ ಅಷ್ಟಕ್ಕೇ ನೋಡುವುದು ಮುಗಿದುಹೋಗುತ್ತದೆ.

ಇಲ್ಲಿಯವರೆಗೆ ಲಂಡನ್ನಿಗೆ ಪೂರ್ತಿ ಅಂಕ. ಈಗ ಹೊಟ್ಟೆ ವಿಷಯಕ್ಕೆ ಬರೋಣ.

ವಿ ಅಂಡ್ ಎ ಒಳಗೇ ಕೆಫೆ ಇದೆ. ಮ್ಯೂಸಿಯಂ ಒಳಗೆ ಊಟ ತಿಂಡಿ ಕೊಡುವ ಪದ್ಧತಿ ಪ್ರಪಂಚದಲ್ಲೇ ಮೊದಲು ಶುರುವಾಗಿದ್ದು ಇಲ್ಲಿ. ಅಕ್ಕಪಕ್ಕ ಮೂರು ಹಳೇ ಕೋಣೆಗಳು. ನಡುವಿನ ಗ್ಯಾಂಬಲ್ ಕೋಣೆಯಲ್ಲಿ ಕಂಬ, ಗೋಡೆ ಎಲ್ಲ ಹೊಳೆಯುವ ಪಿಂಗಾಣಿ, ಮೇಲಿಂದ ದೊಡ್ಡ ದೊಡ್ಡ ಗುಂಡು ದೀಪಗಳು. ಆಗಿನ ಕಾಲದಲ್ಲಿ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಅಂತ ಬೇರೆ ಬೇರೆ ಮೆನು ಇತ್ತಂತೆ, ರೈಲಿನಲ್ಲಿ ಇದ್ದ ಹಾಗೆ. ಈಗ ಎಲ್ಲರೂ ಒಂದೇ ಸಾಲಿನಲ್ಲಿ ಟ್ರೇ ಹಿಡಿದು ನಿಲ್ಲಬೇಕು. ನಾನು ತಗೊಂಡಿದ್ದು ಸ್ಕೋನ್, ಜಾಮ್, ಗಟ್ಟಿ ಕೆನೆ ಮತ್ತು ಒಂದು ಪಾಟ್ ಟೀ. ಸ್ಕೋನ್ ಅಂದರೆ ಬನ್ನಿಗಿಂತ ಗಟ್ಟಿ, ಬಿಸ್ಕತ್ತಿಗಿಂತ ಮೆತ್ತಗೆ. ಡೆವನ್ ಜಿಲ್ಲೆಯವರು ಮೊದಲು ಕೆನೆ ಹಚ್ಚಿ ಮೇಲೆ ಜಾಮ್ ಹಾಕುತ್ತಾರೆ. ಕಾರ್ನ್‌ವಾಲ್‌ನವರು ಮೊದಲು ಜಾಮ್. ಇದಕ್ಕೆ ಅವರಲ್ಲಿ ನಿಜವಾಗಿಯೂ ವಾದ ನಡೆಯುತ್ತದೆ. ನಾನು ಸ್ಕೋನಿನ ಒಂದು ಅರ್ಧಕ್ಕೆ ಹಾಗೆ, ಇನ್ನೊಂದಕ್ಕೆ ಹೀಗೆ ಹಚ್ಚಿಕೊಂಡೆ. ಜಗಳ ಆಡೋಕೆ ಎದುರಿಗೆ ಯಾರೂ ಇರಲಿಲ್ಲವಲ್ಲ.

ಎದುರಿಗೆ ಇದ್ದದ್ದು ಒಂದು ಖಾಲಿ ಕುರ್ಚಿ. ಅರ್ಧ ಸ್ಕೋನ್ ಮುಗಿದಿತ್ತು, ಒಬ್ಬ ಹೆಂಗಸು ಬಂದು ನಗುತ್ತಾ ಕೇಳಿದಳು, "ಇಲ್ಲಿ ಯಾರಾದರೂ ಕೂತಿದ್ದಾರಾ?" ಇಲ್ಲ, ಕೂತ್ಕೊಳ್ಳಿ ಅಂತ ನನ್ನ ಟ್ರೇ ಸರಿಸಿದೆ. ಅವಳು ಥ್ಯಾಂಕ್ಸ್ ಹೇಳಿ, ಕುರ್ಚಿ ಎತ್ತಿಕೊಂಡು ತನ್ನ ಮನೆಯವರಿದ್ದ ಟೇಬಲ್ಲಿಗೆ ಹೋದಳು.

ತುಂಬಾ ಮರ್ಯಾದೆಯಿಂದಲೇ ಕೇಳಿದ್ದಳು, ಪಾಪ. ಇಲ್ಲಿನ ರೀತಿಯೇ ಹಾಗೆ. ಒಬ್ಬರೇ ಕೂತವರ ಪಕ್ಕ ಗೊತ್ತಿಲ್ಲದವರು ಕೂರುವುದು ಅವರ ಜಾಗಕ್ಕೆ ನುಗ್ಗಿದ ಹಾಗೆ ಅಂತ ಇವರ ಲೆಕ್ಕ. ಅದೇ ಗಾಂಧಿಬಜಾರಿನ ವಿದ್ಯಾರ್ಥಿ ಭವನ ನೆನಪಿಸಿಕೊಳ್ಳಿ. 1943ರಿಂದ ಇರುವ ಹೋಟೆಲು. ಶನಿವಾರ ಭಾನುವಾರ ಬಾಗಿಲಲ್ಲೇ ಜನ ಕಾಯುತ್ತಿರುತ್ತಾರೆ. ಅಲ್ಲಿ ಖಾಲಿ ಕುರ್ಚಿ ಅಂದರೆ ಇನ್ನೊಬ್ಬರು ಬಂದು ಕೂರುವ ಜಾಗ. "ಒಬ್ರಾ? ಬನ್ನಿ ಸರ್, ಇಲ್ಲಿ ಒಂದಿದೆ" ಅಂತ ಕರೆದು ಕೂರಿಸುತ್ತಾರೆ. ಗುಂಪಾಗಿ ಬಂದವರು ಕಾಯುತ್ತಲೇ ಇರುತ್ತಾರೆ, ಒಬ್ಬರೇ ಬಂದವರಿಗೆ ಮೊದಲು ದೋಸೆ. ಎದುರಿಗೆ ಕೂತ ಗುರುತಿಲ್ಲದ ಯಜಮಾನರು ಪೇಪರ್ ಓದುತ್ತಾ ಚಟ್ನಿ ಬಟ್ಟಲು ನಮ್ಮ ಕಡೆ ತಳ್ಳುತ್ತಾರೆ. ಮಾತಾಡಬೇಕು ಅಂತೇನಿಲ್ಲ. ಬ್ಯಾಗ್ ಸ್ವಲ್ಪ ನೋಡ್ಕೊಳ್ಳಿ ಅಂದರೆ ನೋಡಿಕೊಳ್ಳುತ್ತಾರೆ.

ದರ್ಶಿನಿಗಳ ಕತೆಯಂತೂ ಹೇಳುವುದೇ ಬೇಡ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ನಿಂತು ತಿನ್ನುವ ಪದ್ಧತಿ ಒಬ್ಬೊಂಟಿಗರಿಗೆ ಸಿಕ್ಕಿದ ವರ. ಟೋಕನ್ ತಗೋ, ಕೌಂಟರಿನಲ್ಲಿ ಕೊಡು, ಬಿಸಿ ಇಡ್ಲಿ ವಡೆ ಸಾಂಬಾರಿನಲ್ಲಿ ಮುಳುಗಿಸಿಕೊಂಡು ಬಾ. ಎಷ್ಟು ಜನ ಅಂತ ಯಾರೂ ಕೇಳಲ್ಲ. ಹೆಂಗಸರು, ಗಂಡಸರು, ಕಾಲೇಜು ಹುಡುಗರು, ಆಟೋದವರು ಎಲ್ಲರೂ ಒಂದೇ ಎತ್ತರದ ಕಟ್ಟೆಗೆ ಮೊಣಕೈ ಊರಿ ತಿನ್ನುತ್ತಾರೆ. ಲಂಡನ್ನಿನಲ್ಲಿ ಒಬ್ಬರೇ ಇದ್ದವರ ಮಧ್ಯಾಹ್ನದ ಊಟ ಏನು ಗೊತ್ತಾ? ಸೂಪರ್‌ಮಾರ್ಕೆಟ್ಟಿನ ಫ್ರಿಜ್ಜಿನಿಂದ ತೆಗೆದ ತಣ್ಣನೆ ತ್ರಿಕೋನ ಸ್ಯಾಂಡ್‌ವಿಚ್, ಒಂದು ಚಿಪ್ಸ್, ಒಂದು ಜ್ಯೂಸ್. ಅದನ್ನು ಪಾರ್ಕಿನ ಬೆಂಚಿನ ಮೇಲೆ ಕೂತು, ಪಾರಿವಾಳಗಳನ್ನು ಓಡಿಸುತ್ತಾ ತಿನ್ನುವುದು. ಬೆಂಚು ಮಾತ್ರ ಚೆನ್ನಾಗಿರುತ್ತದೆ, ಒಪ್ಪುತ್ತೇನೆ.

ಇನ್ನು ಸ್ವಲ್ಪ ಖುಷಿಯಾಗಿ ದುಡ್ಡು ಖರ್ಚು ಮಾಡೋಣ ಅಂದರೂ ಕಷ್ಟವೇ. ಮೂರಂತಸ್ತಿನ ತಟ್ಟೆಯಲ್ಲಿ ಸ್ಯಾಂಡ್‌ವಿಚ್, ಸ್ಕೋನ್, ಕೇಕು ಜೋಡಿಸಿ ಕೊಡುವ ಆಫ್ಟರ್‌ನೂನ್ ಟೀ ಇಲ್ಲಿನ ದೊಡ್ಡ ಆಕರ್ಷಣೆ. ಹುಟ್ಟುಹಬ್ಬಕ್ಕೆ ನನಗೆ ನಾನೇ ಕೊಡಿಸಿಕೊಳ್ಳೋಣ ಅಂತ ಒಂದು ದೊಡ್ಡ ಹೋಟೆಲಿನಲ್ಲಿ ಬುಕ್ ಮಾಡಲು ಹೋದೆ. ಎಷ್ಟು ಜನ ಅನ್ನುವ ಕಡೆ ಆಯ್ಕೆ ಎರಡರಿಂದಲೇ ಶುರು. ಒಂದು ಇಲ್ಲವೇ ಇಲ್ಲ. ಫೋನ್ ಮಾಡಿದರೆ, ಕ್ಷಮಿಸಿ ಮೇಡಂ, ಆ ತಟ್ಟೆ ಇಬ್ಬರಿಗೆ ಅಂತ ಮಾಡಿರುವುದು ಅಂದರು. ಎಲ್ಲ ಹೋಟೆಲುಗಳೂ ಹೀಗಲ್ಲ, ಒಬ್ಬರಿಗೂ ಕೊಡುವವರಿದ್ದಾರೆ. ಆದರೂ ಒಬ್ಬರೇ ಹೋದರೆ ಅಡುಗೆಮನೆ ಬಾಗಿಲ ಪಕ್ಕದ ಸಣ್ಣ ಟೇಬಲ್ ಸಿಗುವುದೇ ಜಾಸ್ತಿ. ನಮ್ಮಲ್ಲೂ ಬೈ ಟು ಕಾಫಿ ಇದೆ, ಅದು ಇಬ್ಬರಿಗೇ. ಆದರೆ ಒಬ್ಬರಿದ್ದರೆ ಕಾಫಿ ಕೊಡಲ್ಲ ಅಂತ ಯಾರೂ ಹೇಳಿಲ್ಲ.

ಹಾಗಾದರೆ ನಮ್ಮೂರೇ ಮೇಲು ಅಂತ ಕೊಚ್ಚಿಕೊಳ್ಳಬಹುದಿತ್ತು. ತಿಂಡಿ ಮುಗಿಸಿ ಕೈ ತೊಳೆದು ಹೊರಗೆ ಬಂದ ಮೇಲೆ ನಮ್ಮ ಅವಸ್ಥೆ ಶುರುವಾಗುತ್ತದೆ. ಹೋದ ಸಲ ರಜೆಯಲ್ಲಿ ಮೈಸೂರು ಅರಮನೆ ಒಬ್ಬಳೇ ನಿಧಾನವಾಗಿ ನೋಡಬೇಕು ಅಂತ ಹೋಗಿದ್ದೆ. ಆಟೋದವರು, "ಎಷ್ಟು ಜನ ಮೇಡಂ? ಒಬ್ರೇನಾ? ಫ್ಯಾಮಿಲಿ ಹಿಂದೆ ಬರ್ತಿದಾರಾ?" ಗೈಡ್ ಹೇಳುವ ದುಡ್ಡು ಒಂದು ಗುಂಪಿಗೆ. ಒಬ್ಬರೇ ಆದರೆ ಇಡೀ ಗುಂಪಿನ ದುಡ್ಡು ಒಬ್ಬರೇ ಕೊಡಬೇಕು. ಒಳಗೆ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯನ್ನು ಕತ್ತೆತ್ತಿ ನೋಡುತ್ತಾ ಎರಡು ನಿಮಿಷ ನಿಂತರೆ ಹಿಂದಿನಿಂದ "ಮುಂದೆ ಹೋಗಿ, ಮುಂದೆ ಹೋಗಿ". ಕೂರೋಕೆ ಜಾಗ ಹುಡುಕಬೇಕು. ಲಾಡ್ಜಿನಲ್ಲಿ ಹೆಂಗಸು ಒಬ್ಬಳೇ ರೂಮ್ ಕೇಳಿದರೆ ರಿಜಿಸ್ಟರ್ ಬರೆಯುವವನ ಪೆನ್ನು ನಿಂತುಬಿಡುತ್ತದೆ. ಯಾಕೆ ಬಂದಿರಿ, ಯಾರ ಕಡೆಯವರು, ಮನೆಯವರ ಫೋನ್ ನಂಬರ್ ಕೊಡಿ. ಕಾಳಜಿ ಎಷ್ಟು, ಅನುಮಾನ ಎಷ್ಟು ಅಂತ ಬಿಡಿಸಿ ಹೇಳೋಕೆ ಆಗಲ್ಲ.

ನಮ್ಮವರಿಗೆ ಒಬ್ಬರೇ ಓಡಾಡುವುದು ಗೊತ್ತೇ ಇಲ್ಲ ಅಂತಲೂ ಅಲ್ಲ. ತಿಪಟೂರಿನಲ್ಲಿರುವ ನನ್ನ ಚಿಕ್ಕಮ್ಮನಿಗೆ ಅರವತ್ತು ದಾಟಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ ಆದ ಮೇಲೆ ಅವಳು ಮನೆಯಲ್ಲಿ ಸಿಗುವುದೇ ಅಪರೂಪ. ಒಬ್ಬಳೇ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬರುತ್ತಾಳೆ. ನೇತ್ರಾವತಿಯಲ್ಲಿ ಸ್ನಾನ, ದರ್ಶನ, ಅನ್ನಛತ್ರದಲ್ಲಿ ಸಾಲಿನಲ್ಲಿ ಕೂತು ಊಟ. ಪಕ್ಕದವರು ಯಾರೋ ಏನೋ. ಯಾರ ಜೊತೆ ಬಂದಿರಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಹೊರಟಾಗ ಮನೆಯಲ್ಲೂ ಕೇಳಲ್ಲ, ಯಾಕಂದರೆ "ಹರಕೆ ಇದೆ" ಅಂದುಬಿಡುತ್ತಾಳೆ. ಅದೇ ಚಿಕ್ಕಮ್ಮ "ಬೇಲೂರಿನ ಶಿಲಾಬಾಲಿಕೆಯರನ್ನು ಒಬ್ಬಳೇ ನೋಡ್ಕೊಂಡು ಬರ್ತೀನಿ" ಅಂದಾಗ ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ. "ಇರು, ರಜಾ ಸಿಗಲಿ, ಎಲ್ಲರೂ ಕಾರಲ್ಲಿ ಹೋಗೋಣ." ಆ ರಜಾ ಇನ್ನೂ ಸಿಕ್ಕಿಲ್ಲ.

ಅಂದರೆ ತೊಂದರೆ ಒಬ್ಬರೇ ಹೋಗುವುದರದ್ದಲ್ಲ. ಸುಮ್ನೆ ಹೋಗುವುದರದ್ದು. ದೇವರ ಹೆಸರಿದ್ದರೆ, ಆಸ್ಪತ್ರೆ ಇದ್ದರೆ, ಮದುವೆ ಇದ್ದರೆ ಒಬ್ಬರೇ ಎಲ್ಲಿಗೆ ಬೇಕಾದರೂ ಹೋಗಬಹುದು. ನನಗೆ ಖುಷಿಯಾಗುತ್ತದೆ ಅನ್ನುವುದು ನಮ್ಮಲ್ಲಿ ಇನ್ನೂ ಕಾರಣ ಆಗಿಲ್ಲ, ಅದರಲ್ಲೂ ಹೆಂಗಸರಿಗೆ. ಲಂಡನ್ನಿನಲ್ಲಿ ನಾನು ಕಲಿತದ್ದು ಧೈರ್ಯ ಅಂತ ಯಾರಾದರೂ ಹೊಗಳಿದರೆ ನಗು ಬರುತ್ತದೆ. ಧೈರ್ಯ ಚಿಕ್ಕಮ್ಮನಿಗೆ ನನಗಿಂತ ಜಾಸ್ತಿ ಇದೆ. ಇಲ್ಲಿ ಕಾರಣ ಕೇಳುವವರಿಲ್ಲ, ಅಷ್ಟೇ.

ಆ ದಿನ ಮ್ಯೂಸಿಯಂನಿಂದ ಬಸ್ ಹಿಡಿದು ವಾಕ್ಸಾಲ್‌ಗೆ ಹೋದೆ. ಅಲ್ಲಿಂದ ಥೇಮ್ಸ್ ದಂಡೆಯಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ದಕ್ಕೂ ನಡೆದರೆ ನಮ್ಮ ಬಸವಣ್ಣ ಸಿಗುತ್ತಾನೆ. ಕಲಬುರಗಿ ಕಡೆಯವರಾದ, ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ ನೀರಜ್ ಪಾಟೀಲರು ಓಡಾಡಿ ಇಡಿಸಿದ ಪ್ರತಿಮೆ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದರು. ಓಡುವವರು, ನಾಯಿ ಹಿಡಿದು ನಡೆಯುವವರು ಅದರ ಮುಂದೆಯೇ ಹಾದುಹೋಗುತ್ತಾರೆ. ನಾನು ಒಂದು ಫೋಟೊ ತೆಗೆದು ಚಿಕ್ಕಮ್ಮನಿಗೆ ಕಳಿಸಿದೆ. ಆಮೇಲೆ ಯೂಸ್ಟನ್‌ಗೆ ವಾಪಸ್ ಬಂದು, ಸ್ಟೇಷನ್ ಪಕ್ಕದ ಡ್ರಮಂಡ್ ಸ್ಟ್ರೀಟಿನಲ್ಲಿ ಭೇಲ್‌ಪುರಿ ತಿಂದೆ. ಮಸಾಲೆ ಖಾರಕ್ಕೆ ಆಸೆಪಟ್ಟ ನಾಲಗೆಗೆ ಅಷ್ಟಾದರೂ ಸಿಕ್ಕಿತು.

ಚಿಕ್ಕಮ್ಮ ಸಂಜೆ ಫೋನ್ ಮಾಡಿದಳು. ಮುಂದಿನ ಬೇಸಿಗೆಗೆ ಅವಳನ್ನು ಇಲ್ಲಿಗೆ ಕರೆಸಿಕೊಳ್ಳುವ ಮಾತು ನಡೆಯುತ್ತಿದೆ, ವೀಸಾ ಕಾಗದ ಹೊಂದಿಸಬೇಕು. "ಆ ಬಸವಣ್ಣನ ಹತ್ರಕ್ಕೆ ಯಾವ ಬಸ್ಸು ಅಂತ ಒಂದು ಚೀಟಿಯಲ್ಲಿ ದಪ್ಪಗೆ ಬರೆದಿಡು" ಅಂದಳು. "ಅವನ ಹೆಸರು ಹೇಳಿ ಹೊರಟರೆ ನಿನ್ನ ಚಿಕ್ಕಪ್ಪ ಏನೂ ಅನ್ನಲ್ಲ. ದಾರೀಲಿ ಇನ್ನೇನೇನು ನೋಡ್ತೀನಿ ಅನ್ನೋದು ನನ್ನಿಷ್ಟ. ಆ ಹುಲೀನೂ ಅಲ್ಲೇ ಹತ್ರ ಅಂದ್ಯಲ್ಲ?"