ಇವತ್ತು ಆಗಲ್ಲ ದೊಡ್ಡಮ್ಮ

ಹೋದ ದೀಪಾವಳಿಗೆ ಹಾಸನಕ್ಕೆ ಬಂದಿದ್ದೆ. ಹಾಸನಾಂಬೆ ಗುಡಿಯ ಬಾಗಿಲು ತೆಗೆದಿತ್ತು. ವರ್ಷಕ್ಕೊಂದೇ ಸಲ, ಕೆಲವೇ ದಿನ ತೆಗೆಯುವ ಬಾಗಿಲು ಅದು. ಬೆಳಗಿನ ಜಾವವೇ ಮನೆಯವರೆಲ್ಲ ಹೊರಟು ನಿಂತಿದ್ದರು. ನಾನು ಮಂಚದ ಮೇಲೆ ಕೂತು ಬೆರಳು ಮಡಚಲು ನೋಡುತ್ತಿದ್ದೆ. ಆಗಲಿಲ್ಲ.

"ಇವತ್ತು ಆಗಲ್ಲ ದೊಡ್ಡಮ್ಮ" ಅಂದೆ.

"ಅಷ್ಟು ದೂರದಿಂದ ಬಂದು ತಾಯಿ ಮುಖ ನೋಡದೆ ಹೋಗ್ತೀಯಾ? ಸ್ವಲ್ಪ ಧೈರ್ಯ ಮಾಡೇ."

ಹೋದೆ. ಗಂಟೆಗಟ್ಟಲೆ ಸಾಲು. ದರ್ಶನವೂ ಆಯಿತು. ಆಮೇಲೆ ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್, ಏಳು ವರ್ಷದಿಂದ. ಇದು ವಯಸ್ಸಾದವರ ಮಂಡಿನೋವಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಬೆಳಿಗ್ಗೆ ಒಂದು ಗಂಟೆಗೂ ಜಾಸ್ತಿ ಹೊತ್ತು ಕೈ ಬಿಗಿದುಕೊಂಡಿರುತ್ತದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ. ಮರುದಿನ ವಾಕರಿಕೆ, ಸುಸ್ತು. ಬೆರಳು ಊದಿದ್ದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ನೋವನ್ನು ಜನ ನಂಬುತ್ತಾರೆ. ಸುಸ್ತನ್ನು ನಂಬುವುದಿಲ್ಲ. ಮನಸ್ಸು ಕುಗ್ಗುವುದನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಈ ಕಾಯಿಲೆ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಜಾಸ್ತಿ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅಲ್ಲಿ ಒಮ್ಮೆ ನರ್ಸ್ ಒಬ್ಬರು ರಕ್ತಪರೀಕ್ಷೆಯ ವರದಿ ಪಕ್ಕಕ್ಕಿಟ್ಟು, "ಅಳು ಬರುತ್ತಾ?" ಅಂತ ಕೇಳಿದರು. ಅಲ್ಲೇ ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ಸುಮ್ನೆ ಕೂತಿದ್ದರು. ಆಮೇಲೆ ಮಾತಿನ ಚಿಕಿತ್ಸೆಯ ವಿಚಾರ ತಿಳಿಸಿದರು, ಅಂದರೆ ಮನಸ್ಸಿನ ಸಂಕಟವನ್ನು ತಜ್ಞರ ಹತ್ತಿರ ಮಾತಾಡಿ ಹಗುರ ಮಾಡಿಕೊಳ್ಳುವುದು. ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ 2008ರಿಂದ ಈ ಸೇವೆ ಇದೆ. ಡಾಕ್ಟರ ಚೀಟಿ ಬೇಡ, ನಾವೇ ಹೆಸರು ಕೊಡಬಹುದು. ಪ್ರತಿ ಭೇಟಿಗೂ 9 ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ. ಕಳೆದ 2 ವಾರದಲ್ಲಿ ಎಷ್ಟು ದಿನ ನಿದ್ದೆ ಕೆಟ್ಟಿತು, ಎಷ್ಟು ದಿನ ಯಾವುದರಲ್ಲೂ ಆಸಕ್ತಿ ಹುಟ್ಟಲಿಲ್ಲ, ಹೀಗೆ. ಒಟ್ಟು 27 ಅಂಕ. ನನ್ನದು ಮೊದಲ ದಿನ 17 ಬಂತು. ನನ್ನ ಸಂಕಟಕ್ಕೂ ಒಂದು ಅಳತೆ ಇದೆ, ಅದು ಇಳಿಯಬಹುದು ಅಂತ ಗೊತ್ತಾದಾಗ ಎಷ್ಟು ಹಗುರವಾಯಿತು ಗೊತ್ತಾ?

ಅಲ್ಲಿ ಕಲಿತ ಇನ್ನೊಂದು ವಿಷಯ ಇವತ್ತಿಗೂ ನನ್ನನ್ನು ಕಾಯುತ್ತಿದೆ. ನಾನು ಎಡವುತ್ತಿದ್ದದ್ದು ಚೆನ್ನಾಗಿರುವ ದಿನಗಳಲ್ಲೇ. ಬಾಕಿ ಬಿದ್ದ ಕೆಲಸವೆಲ್ಲ ಒಂದೇ ದಿನ ಮುಗಿಸಿ, ನಾಲ್ಕು ದಿನ ಮಲಗುತ್ತಿದ್ದೆ. ಮಲಗಿ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಈಗ ಚೆನ್ನಾಗಿರುವ ದಿನವೂ ಅರ್ಧಕ್ಕೆ ನಿಲ್ಲಿಸುತ್ತೇನೆ.

ಆದರೆ ಆ ಮಾತಿನ ಚಿಕಿತ್ಸೆ ಮುಗಿದ ಮೇಲೆ ಅಲ್ಲಿ ಮನೆಗೆ ಬಂದರೆ ಯಾರಿದ್ದಾರೆ? ನವೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಬರೀ ಮೊಸರನ್ನ ತಿಂದು ಮಲಗಿದ್ದೇನೆ. ಪಕ್ಕದ ಮನೆಯವರು ಒಳ್ಳೆಯವರೇ. ಆದರೂ ಬಾಗಿಲು ತಟ್ಟಲು ಕೈ ಬರಲಿಲ್ಲ.

ಹಾಸನದಲ್ಲಿ ಒಂಟಿಯಾಗಿರಲು ಬಿಡುವವರೇ ಇಲ್ಲ. ಅಮ್ಮ ನಾನು ಏಳುವ ಮೊದಲೇ ಹಂಡೆಗೆ ಉರಿ ಹಾಕಿರುತ್ತಾಳೆ. ಬಿಗಿದ ಕೀಲಿಗೆ ಬಿಸಿನೀರಿನಷ್ಟು ಹಿತ ಬೇರೆ ಇಲ್ಲ. ಬಂದವರೆಲ್ಲ ಕೈ ಹಿಡಿದು ನೋಡುತ್ತಾರೆ. ಜೊತೆಗೆ ಸಲಹೆಯೂ ಬರುತ್ತದೆ: "ಆ ಮಾತ್ರೆ ಬಿಡು, ಕಷಾಯ ಕುಡಿ." ಒಮ್ಮೆ ಹಾಗೆ ಕೇಳಿ ಎರಡು ತಿಂಗಳು ಮಾತ್ರೆ ಬಿಟ್ಟೆ. ಬಲಗೈ ಮಣಿಕಟ್ಟು ಈಗ ಪೂರ್ತಿ ತಿರುಗುವುದಿಲ್ಲ. ದಯವಿಟ್ಟು ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ನನಗೆ ಹೆಚ್ಚು ಕಷ್ಟವಾದದ್ದು ಮಾತ್ರ "ಧೈರ್ಯವಾಗಿರು" ಅನ್ನುವ ಮಾತು. ಪ್ರೀತಿಯಿಂದಲೇ ಹೇಳುತ್ತಾರೆ. ವಾರದ ಜ್ವರಕ್ಕೆ ಆ ಮಾತು ಸರಿ. ಬದುಕಿಡೀ ಇರುವ ಕಾಯಿಲೆಗೆ ದಿನಾ ಎಲ್ಲಿಂದ ತರಲಿ ಧೈರ್ಯ? ಆ ಮಾತು ಕೇಳಿದ ಮೇಲೆ ಅಳುವ ಹಾಗಿಲ್ಲ, ಸಾಕಾಗಿದೆ ಅನ್ನುವ ಹಾಗಿಲ್ಲ. ನಾನು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಅಳುತ್ತಿದ್ದೆ. ನಮ್ಮೂರಿನ ಎಷ್ಟೋ ಮನೆಯಲ್ಲಿ ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್‌ನವರು ಹೀಗೇ ಅಳುತ್ತಿರಬಹುದು, ಅಲ್ವಾ?

ಮನೆಯವರ ಹತ್ತಿರ ಹೇಳಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ಕಾಸು ಖರ್ಚಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಮನೆಯಲ್ಲಿ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಬೇಕು ಅಂತ ನನ್ನ ಅನಿಸಿಕೆ. ನಾನು ಏಳು ವರ್ಷ ಹೇಳಿರಲಿಲ್ಲ. ಆ ತಪ್ಪು ನನ್ನದೂ ಹೌದು.

ಲೀಡ್ಸ್‌ಗೆ ಹೊರಡುವ ವಾರ ದೊಡ್ಡಮ್ಮನಿಗೆ ಹೇಳಿದೆ. ಆ ಸಾಲು, ಆಮೇಲಿನ ಮೂರು ದಿನ, ಬಚ್ಚಲಿನ ಅಳು, ಎಲ್ಲ. ಅವರು ಏನೂ ಮಾತಾಡದೆ ಎದ್ದು ಹೋದರು. ಬೇಜಾರಾಯಿತೇನೋ ಅಂದುಕೊಂಡೆ. ಮರುದಿನ ಮಧ್ಯಾಹ್ನ ಮೊರದ ತುಂಬ ಅವರೆಕಾಯಿ ತಂದು ಜಗಲಿಯಲ್ಲಿ ಕೂತರು. ನಾನು ಪಕ್ಕದಲ್ಲಿ ಕೂತು ಒಂದು ಕಾಯಿ ಎತ್ತಿಕೊಂಡೆ.

"ಇವತ್ತು ಆಗುತ್ತಾ?" ಅಂತ ಕೇಳಿದರು.

"ಇಲ್ಲ ದೊಡ್ಡಮ್ಮ."

ಕೈಯಲ್ಲಿದ್ದ ಕಾಯಿ ತೆಗೆದುಕೊಂಡರು. "ಹಾಗಾದ್ರೆ ಸುಮ್ನೆ ಕೂತಿರು. ನಾನು ಬಿಡಿಸ್ತೀನಿ."