ಸ್ಪಷ್ಟನೆ: ಸ್ಕೂಬಾ ಸಿಲಿಂಡರ್‌ನಲ್ಲಿರುವುದು ಬರೀ ಆಕ್ಸಿಜನ್ ಅಲ್ಲ

ಸ್ಕೂಬಾ ಡೈವಿಂಗ್‌ಗೆ ಹೆಸರಾದ, ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಫೋಟೊಗಳ ಜೊತೆ ‘ಬೆನ್ನಿಗೆ ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿದರು’ ಎಂಬ ಮಾತು ಓಡಾಡುತ್ತಲೇ ಇರುತ್ತದೆ. ಇದು ತಪ್ಪು. ಹೊಸಬರಿಗೆ ಕೊಡುವ ಸಿಲಿಂಡರ್‌ನಲ್ಲಿರುವುದು ನಾವು ದಿನಾ ಉಸಿರಾಡುವ ಗಾಳಿಯೇ. ಶೇ 21ರಷ್ಟು ಆಮ್ಲಜನಕ, ಉಳಿದದ್ದು ಹೆಚ್ಚೂಕಡಿಮೆ ಸಾರಜನಕ. ಅದನ್ನು ಸೋಸಿ, ತೇವ ತೆಗೆದು, ಸುಮಾರು 200 ಬಾರ್ (ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು) ಒತ್ತಡದಲ್ಲಿ ತುಂಬಿರುತ್ತಾರೆ. ಸಿಲಿಂಡರ್‌ನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿ ಉಸಿರೆಳೆದಾಗ ಗಂಟಲು ಒಣಗುತ್ತದೆ ಅಲ್ವಾ, ಅದಕ್ಕೇ.

ಸುಮ್ನೆ ಪದದ ತಕರಾರಲ್ಲ ಇದು. ಶುದ್ಧ ಆಮ್ಲಜನಕವನ್ನು 6 ಮೀಟರ್‌ಗಿಂತ ಆಳದಲ್ಲಿ ಉಸಿರಾಡಿದರೆ ಫಿಟ್ಸ್ ಬರುವ ಅಪಾಯ ಜಾಸ್ತಿ. ಆಗ ರೆಗ್ಯುಲೇಟರ್ ಬಾಯಿಂದ ಜಾರಿದರೆ ಪ್ರಾಣವೇ ಹೋಗಬಹುದು.

ಹಾಯಿದೋಣಿಯಲ್ಲೇ ವಾಸವಿದ್ದು ಸಿಲಿಂಡರ್ ತುಂಬಿಕೊಳ್ಳುವವರಿಗೂ ಒಂದು ಮಾತು: ಕಂಪ್ರೆಸರ್ ಗಾಳಿ ಎಳೆಯುವ ಕೊಳವೆ ಎಂಜಿನ್ ಹೊಗೆಯಿಂದ ದೂರವಿರಲಿ. ಇಲ್ಲದಿದ್ದರೆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಸಿಲಿಂಡರ್‌ಗೇ ಸೇರುತ್ತದೆ.